ವಿವರಿಸಿ ಹೇಳಿದವರ ಹೆಸರು

ಜೂನ್ 9, ಸೋಮವಾರ, ಬೆಳಿಗ್ಗೆ ಹತ್ತೂ ಕಾಲು. ಆ ದಿನದ ಡೈರಿಯ ಮೊದಲ ಸಾಲು ಹೀಗಿದೆ: 'ಟ್ರಸ್ಟಿನ ಸಾಲ. ಸಾಲ ಬೇಕಾದವರು ಬಂದರು. ಸಹಿ ಮಾಡಬೇಕಾದವರು ಬರಲಿಲ್ಲ.'

ನಾನು ನೋಟರಿಯಾಗಿ ಆಗ ಐದನೇ ತಿಂಗಳು. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಮಾರುವ ಅಂಗಡಿಯೊಂದರ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಒಂದು ಮೇಜು, ನನ್ನ ಕುರ್ಚಿ, ಎದುರಿಗೆ ಎರಡು ಕುರ್ಚಿ. ಹಿಂದೆ ಸೀನಿಯರ್ ಕಚೇರಿಯಲ್ಲಿದ್ದಾಗ ಮಧ್ಯಾಹ್ನ ಎಂಟು ಜನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಯಾರ ಚಿತ್ರಾನ್ನ ಯಾರು ತಿಂದರೆಂಬುದೇ ತಿಳಿಯುತ್ತಿರಲಿಲ್ಲ. ಇಲ್ಲಿ ಬಂದ ಮೇಲೆ ನನ್ನ ಡಬ್ಬಿಯ ಅನ್ನ ನಾನೇ ಪೂರ್ತಿ ತಿನ್ನಬೇಕಾಯಿತು. ನೋಟರಿಯ ಹತ್ತಿರ ಯಾರೂ ಕೂರುವುದಿಲ್ಲ. ಕಾಗದ ಚಾಚುತ್ತಾರೆ, ಸಹಿ ಹಾಕುತ್ತಾರೆ, ಸೀಲು ಒಣಗುವುದರೊಳಗೆ ಮೆಟ್ಟಿಲಿಳಿಯುತ್ತಾರೆ. ಲೆಕ್ಕ ಇಡುವುದು ನನ್ನ ಅಭ್ಯಾಸ. ಮೇ ತಿಂಗಳಲ್ಲಿ ಬಂದವರು ನೂರಾ ಹದಿನೆಂಟು, ಕೂತವರು ಹನ್ನೊಂದು.

ಆ ಸೋಮವಾರ ಬಂದ ಹೆಂಗಸು ಕೂತರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇಲ್ಲಿ ಟೀಚರ್ ಎಂದೇ ಬರೆಯುತ್ತೇನೆ. ಫೈಲು ಬಿಚ್ಚುವಾಗ ಅವರ ಕೈಯ ಎರಡು ಚಿನ್ನದ ಬಳೆ ಮೇಜಿಗೆ ತಾಗಿ ಸದ್ದು ಮಾಡಿದವು. ವಿಷಯವನ್ನು ಅವರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವ ಹಾಗೆ ಹಂತ ಹಂತವಾಗಿ ಹೇಳಿದರು. ಶಂಕರಪುರದಲ್ಲಿ ಅವರ ಮನೆ. ತಂದೆ ಸಾಯುವ ಮುಂಚೆ ಅದನ್ನು ಒಂದು ಖಾಸಗಿ ಟ್ರಸ್ಟಿಗೆ ಬರೆದಿದ್ದರು. ಟ್ರಸ್ಟಿಗಳು ಇಬ್ಬರು: ಟೀಚರ್ ಮತ್ತು ಮೈಸೂರಿನಲ್ಲಿರುವ ಅವರ ಸೋದರಮಾವನ ಮಗ. ಟ್ರಸ್ಟ್ ಇರುವುದು ಒಬ್ಬರಿಗೋಸ್ಕರ, ಟೀಚರ ತಮ್ಮನಿಗೋಸ್ಕರ. ತಮ್ಮನಿಗೆ ನಲವತ್ತಾರು ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ನನ್ನ ಕೋಣೆಯಿಂದ ಎರಡು ಬೀದಿ ಆಚೆ ಇರುವ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ.

ಮನೆಯ ಹಿಂಭಾಗದ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಆ ಗೋಡೆಗೆ ತಾಗಿದ್ದು ತಮ್ಮ ಮಲಗುವ ಕೋಣೆ. ಅದನ್ನು ಕೆಡವಿ ಕಟ್ಟಿ, ಮೇಲೊಂದು ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟರೆ ಕಂತು ತಾನೇ ತೀರುತ್ತದೆ ಎಂಬುದು ಟೀಚರ ಲೆಕ್ಕ. ಒಂದು ಸಹಕಾರಿ ಬ್ಯಾಂಕು ಮನೆಯ ಅಡಮಾನದ ಮೇಲೆ ಟ್ರಸ್ಟಿಗೆ ಸಾಲ ಕೊಡಲು ಒಪ್ಪಿತ್ತು. ಆದರೆ ತಂದೆ ಟ್ರಸ್ಟ್ ಪತ್ರದಲ್ಲಿ ಒಂದು ಷರತ್ತು ಬರೆಸಿದ್ದರು: ಮಗನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರಬಾರದು, ಅಡವಿಡಬಾರದು. ಹಾಗಾಗಿ ಬ್ಯಾಂಕು ತಮ್ಮನಿಂದ ಒಂದು ಪ್ರಮಾಣಪತ್ರ ಕೇಳಿತ್ತು. ಅದು ನೋಟರಿಯ ಮುಂದೆ ಆಗಬೇಕಿತ್ತು.

ಅಚ್ಚು ಹಾಕಿಸಿದ ನಮೂನೆ. ಹೆಸರು, ವಯಸ್ಸು, ವಿಳಾಸವನ್ನು ಆಧಾರ್ ನೋಡಿ ನಾನೇ ತುಂಬಿದೆ. ಸ್ವತ್ತಿನ ಚೆಕ್ಕುಬಂದಿಯನ್ನು ಮೂಲ ಪತ್ರದೊಂದಿಗೆ ತಾಳೆ ನೋಡಿದೆ. ಬ್ಯಾಂಕಿನವರು ಪೂರ್ವ ಪಶ್ಚಿಮಗಳನ್ನು ಅದಲು ಬದಲು ಮಾಡಿದ್ದರು, ಅದನ್ನೂ ತಿದ್ದಿದೆ. ಸಾಲ ಪಡೆಯುವವರಿಗೆ ನೋಟರಿ ಇಷ್ಟು ನೆರವಾದರೆ ಯಾರೂ ತಪ್ಪೆನ್ನುವುದಿಲ್ಲ. ಆಮೇಲೆ ಐದನೇ ಕಲಮು ಬಂತು: 'ಈ ಸಾಲದ ಉದ್ದೇಶ ಮತ್ತು ಪರಿಣಾಮಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ' ಎಂದು ಬರೆದು, ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟು, 'ಇವರು ವಿವರಿಸಿ ಹೇಳಿರುತ್ತಾರೆ' ಎಂದಿತ್ತು.

"ಅಲ್ಲಿ ನನ್ನ ಹೆಸರು ಬರೀರಿ" ಅಂದರು ಟೀಚರ್.

"ಸಾಲ ತಗೊಳ್ತಿರೋರು ನೀವೇ ಅಲ್ವಾ ಟೀಚರ್?"

"ಅವನು ಹುಟ್ಟಿದಾಗಿಂದ ಅವನ ಬಾಯಿ ನಾನೇ ಕಣಮ್ಮ. ಇನ್ಯಾರ ಹೆಸರು ಬರೀತೀರಾ?"

ಮೊದಲು ತಮ್ಮನನ್ನು ಕರೆದುಕೊಂಡು ಬನ್ನಿ ಅಂದೆ.

ಗುರುವಾರ, 12ನೇ ತಾರೀಖು, ಇಬ್ಬರೂ ಬಂದರು. ತಮ್ಮ ತೆಳ್ಳಗಿದ್ದರು, ತಲೆ ಅರ್ಧ ನರೆತಿತ್ತು, ಬೆರಳ ಸಂದಿಯಲ್ಲಿ ಅಂಟು ಒಣಗಿ ಬೆಳ್ಳಗಾಗಿತ್ತು. ಅವರೂ ಕೂತರು. ಆದರೆ ಅವತ್ತು ಕೆಲಸ ಶುರುವಿನಲ್ಲೇ ನಿಂತಿತು. ಟೀಚರ್ ತಂದಿದ್ದ ಇ-ಸ್ಟಾಂಪ್ ಕಾಗದದಲ್ಲಿ ಮೊದಲ ಪಕ್ಷದ ಜಾಗದಲ್ಲಿ ಅವರದೇ ಹೆಸರಿತ್ತು. ಪ್ರಮಾಣ ಮಾಡುವವರು ತಮ್ಮ. ಆ ಕಾಗದ ನಡೆಯುವುದಿಲ್ಲವೆಂದೆ. ಟೀಚರ್ ಕೊಡೆ ತೆಗೆದುಕೊಂಡು ಬೇರೆ ಕಾಗದ ತರಲು ಇ-ಸ್ಟಾಂಪ್ ಮಾರುವ ಸೊಸೈಟಿಗೆ ಹೊರಟರು.

ನಾವಿಬ್ಬರೇ ಉಳಿದೆವು. ನಾನು ಮಾತಾಡುವಂತಿಲ್ಲ, ಅವರು ಮಾತಾಡುವಂತಿಲ್ಲ. ಕೆಳಗಡೆ ತರಗುಪೇಟೆ ಕಡೆಯ ಲಾರಿಯೊಂದು ಹಿಂದೆ ಸರಿಯಲಾಗದೆ ಹಾರ್ನ್ ಹೊಡೆಯುತ್ತಿತ್ತು. ಕಿವಿ ಮುಚ್ಚಿಕೊಂಡವಳು ನಾನೊಬ್ಬಳೇ. ಅದನ್ನು ನೋಡಿ ಅವರು ನಕ್ಕರು. ಆಮೇಲೆ ನನ್ನ ಮೇಜಿನ ಮೇಲಿದ್ದ ಓರೆಕೋರೆ ಕಾಗದಗಳನ್ನು ಒಟ್ಟು ಮಾಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೇಜಿಗೆ ಕುಟ್ಟಿ, ಅಂಚು ಸಮ ಮಾಡಿ ಇಟ್ಟರು. ಐದು ತಿಂಗಳಿಂದ ಆ ಕೋಣೆಯ ಮೌನ ನನಗೆ ಚೆನ್ನಾಗಿ ಗೊತ್ತಿತ್ತು. ಅದರೊಳಗೆ ಇನ್ನೊಬ್ಬರು ಇದ್ದದ್ದು ಅವತ್ತೇ.

ಟೀಚರ್ ಹೊಸ ಕಾಗದ ತಂದು ತಮ್ಮನಿಗೆ ಕೈಯಲ್ಲೇ ಹೇಳಿದರು. ಗೋಡೆ, ಮಳೆ, ಬೀಳುವುದು, ಕಟ್ಟುವುದು. ನನಗೂ ಅಷ್ಟು ಅರ್ಥವಾಯಿತು. ತಮ್ಮ ತಲೆಯಾಡಿಸಿದರು. ಸಾಲ ತೀರದಿದ್ದರೆ ಏನಾಗುತ್ತದೆಂಬುದನ್ನೂ ಹೇಳಿ ಎಂದೆ. ಟೀಚರ್ ಕೈಯನ್ನು ಗಾಳಿಯಲ್ಲಿ ಅಡ್ಡಡ್ಡ ಬೀಸಿ, ತಮ್ಮದೇ ಎದೆ ಮುಟ್ಟಿಕೊಂಡರು. ತಮ್ಮ ಮತ್ತೆ ತಲೆಯಾಡಿಸಿ ಪೆನ್ನಿಗೆ ಕೈ ಚಾಚಿದರು.

"ಈಗ ಏನು ಹೇಳಿದ್ರಿ?"

"ಏನೂ ಆಗಲ್ಲ, ಅಕ್ಕ ಇದಾಳೆ ಅಂದೆ. ಸುಳ್ಳಾ ಅದು?"

ಸುಳ್ಳಲ್ಲ. ಆದರೆ ಐದನೇ ಕಲಮು ಹೇಳುವುದು ಅದನ್ನಲ್ಲ. ಇವತ್ತು ಬೇಡ ಎಂದು ಪೆನ್ನಿಗೆ ಕ್ಯಾಪು ಹಾಕಿದೆ. ಟೀಚರ್ ನನ್ನನ್ನು ನೋಡಿದ ರೀತಿ, ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಬಿಟ್ಟು ಬಂದ ಹುಡುಗಿಯನ್ನು ನೋಡುವಂತಿತ್ತು.

ಮಾರನೆಯ ದಿನ ಬ್ಯಾಂಕಿನ ಸಾಲ ವಿಭಾಗದವರು ಫೋನ್ ಮಾಡಿದರು. ಮಂಜೂರಾತಿ ಈ ತಿಂಗಳ ಕೊನೆಯವರೆಗೆ ಮಾತ್ರ, ಆಮೇಲೆ ಹೊಸದಾಗಿ ಅರ್ಜಿ ಹಾಕಬೇಕೆಂದರು. "ಮೇಡಂ, ಅದೊಂದು ನಾಮಕಾವಾಸ್ತೆ ಲೈನು. ನಿಮ್ಮ ಹೆಸರೇ ಹಾಕ್ಕೊಳ್ಳಿ, ಓದಿ ಹೇಳಿದೆ ಅಂತ. ಈ ಏರಿಯಾದಲ್ಲಿ ಇದಕ್ಕೆ ಐದು ನಿಮಿಷ ಮೇಲೆ ಯಾರೂ ತಗೊಳ್ಳಲ್ಲ."

ಸೀನಿಯರಿಗೆ ಫೋನ್ ಮಾಡಿದೆ. ಹಿಂದೆ ಊಟದ ಗದ್ದಲ ಕೇಳಿಸುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡು, "ನೋಡಮ್ಮ, ಮುಖ ನೋಡು, ಸಹಿ ನೋಡು, ಸೀಲ್ ಒತ್ತು. ಅವರ ಮನೆ ಒಳಗೆ ಹೋಗಿ ಕೂರಬೇಡ" ಅಂದರು. ನೋಟರಿಯೂ ವಕೀಲಳೇ ಆದದ್ದರಿಂದ ನಮ್ಮ ತಲೆಯ ಮೇಲೆ ಎರಡು ಟೋಪಿ ಇರುತ್ತವೆ, ಒಂದೇ ಸಲ ಎರಡನ್ನೂ ಹಾಕಿಕೊಳ್ಳಬಾರದು ಎಂದೂ ಹೇಳಿದರು. ವಿವರಿಸಿದವಳೂ ನಾನೇ, ಅವರಿಗೆ ಅರ್ಥವಾಗಿದೆಯೆಂದು ದೃಢೀಕರಿಸುವವಳೂ ನಾನೇ ಆದರೆ ಹೇಗೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಯಾರೋ ಅವರನ್ನು ಊಟಕ್ಕೆ ಕರೆದರು.

ಮುಂದಿನ ಮಂಗಳವಾರ, 17ರಂದು, ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡುವ ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸಿದೆ. ಇದೇ ಸರಿಯಾದ ದಾರಿ, ಮೊದಲೇ ಹೊಳೆಯಬೇಕಿತ್ತು ಎಂದುಕೊಂಡಿದ್ದೆ. ದುಭಾಷಿ ಹೊಸ ಸಂಜ್ಞೆ ಮಾಡಿದಾಗಲೆಲ್ಲ ತಮ್ಮ ಮರ್ಯಾದೆಯಿಂದ ತಲೆಯಾಡಿಸಿದರು. ಎಲ್ಲದಕ್ಕೂ ಹೌದು. ಕೊನೆಗೆ ದುಭಾಷಿ, "ನಿಮ್ಮ ಹೆಸರು ಆನೆಯಾ?" ಎಂದು ಸಂಜ್ಞೆಯಲ್ಲಿ ಕೇಳಿದರಂತೆ. ಅದಕ್ಕೂ ಹೌದು. "ಇವರು ಶಾಲೆಗೆ ಹೋದವರಲ್ಲ ಮೇಡಂ. ಇವರದು ಮನೆಯಲ್ಲಿ ಹುಟ್ಟಿದ ಭಾಷೆ. ನನಗೆ ಬರಲ್ಲ" ಎಂದು ಒಪ್ಪಿಕೊಂಡು, ಕರೆಸಿದ್ದಕ್ಕೆ ದುಡ್ಡೂ ತೆಗೆದುಕೊಳ್ಳದೆ ಹೋದರು. ಅವತ್ತು ಮಧ್ಯಾಹ್ನ ಜೋರು ಮಳೆ. ಡೈರಿಯಲ್ಲಿ 'ಗೋಡೆ' ಎಂಬ ಒಂದೇ ಪದ ಬರೆದಿದ್ದೇನೆ.

ಶುಕ್ರವಾರ ಊಟದ ಹೊತ್ತಿನಲ್ಲಿ ಡಬ್ಬಿ ತೆಗೆದುಕೊಂಡು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಮಾಲೀಕರಿಂದ ಏನಾದರೂ ತಿಳಿಯಬಹುದೆಂಬ ಆಸೆಯಿತ್ತು. ಮಾಲೀಕರಿರಲಿಲ್ಲ. ತಮ್ಮ ಮತ್ತು ಕಟಿಂಗ್ ಮೆಷಿನ್ ನೋಡಿಕೊಳ್ಳುವ ಒಬ್ಬರು ಕಾಗದದ ರೀಮುಗಳ ಮೇಲೆ ಕೂತು ಊಟ ಮಾಡುತ್ತಿದ್ದರು. ಎಡಗೈಯಲ್ಲಿ ಮಾತು, ಬಲಗೈಯಲ್ಲಿ ಊಟ. ಕಟಿಂಗಿನವರು ಹೊಟ್ಟೆ ಮುಂದೆ ಚಾಚಿ ತೋರಿಸಿದರು, ತಮ್ಮ ನೋಟು ಎಣಿಸುವ ಹಾಗೆ ಮಾಡಿದರು, ಇಬ್ಬರೂ ಅನ್ನ ನೆತ್ತಿಗೇರುವಷ್ಟು ನಕ್ಕರು. ಮಾಲೀಕರ ಬಗ್ಗೆ ಎಂದು ನನಗೂ ಗೊತ್ತಾಯಿತು. ಅವರಿಬ್ಬರೂ ಇಪ್ಪತ್ತೆರಡು ವರ್ಷದಿಂದ ಒಂದೇ ಮೇಜಿನ ಆಚೀಚೆ ಇದ್ದವರು. ಅಲ್ಲೇ ಒಂದು ರೀಮಿನ ಮೇಲೆ ಕೂತು ನಾನೂ ಡಬ್ಬಿ ಬಿಚ್ಚಿದೆ. ತಮ್ಮ ಕೇಳದೆಯೇ ನನ್ನ ಉಪ್ಪಿನಕಾಯಿ ತೆಗೆದುಕೊಂಡರು.

ಅಲ್ಲೇ ನಿರ್ಧಾರ ಮಾಡಿದೆ. ಕಟಿಂಗಿನವರಿಗೆ ಆ ಮನೆಯಲ್ಲಿ ಪಾಲಿಲ್ಲ, ಸಾಲದಲ್ಲಿ ಲಾಭವಿಲ್ಲ. ಅವರ ಹತ್ತಿರ ದುಭಾಷಿಯ ಸರ್ಟಿಫಿಕೇಟೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ತಿಳಿಸುತ್ತೇನೆಂದು ಅವರಿಂದಲೇ ಪ್ರಮಾಣ ಮಾಡಿಸಿ, ಅವರ ಮೂಲಕ ವಿವರಿಸಿ, ಮಾಡಿದ್ದನ್ನು ಮಾಡಿದ ಹಾಗೆಯೇ ದೃಢೀಕರಣದಲ್ಲಿ ಬರೆಯುವುದು. ಬ್ಯಾಂಕು ಒಪ್ಪದಿದ್ದರೆ ಅದು ಬ್ಯಾಂಕಿನ ಮಾತು.

ಶನಿವಾರ, 21ನೇ ತಾರೀಖು, ಮಧ್ಯಾಹ್ನ ಮೂರು ಗಂಟೆ. ತಮ್ಮನೂ ಕಟಿಂಗಿನವರೂ ನನ್ನೆದುರು ಕೂತರು. ಟೀಚರಿಗೆ ಕೆಳಗೆ ಅಂಗಡಿಯಲ್ಲಿ ಕೂತಿರಲು ಹೇಳಬೇಕಾಯಿತು.

"ನನ್ನ ತಮ್ಮನ ಹತ್ರ ಮಾತಾಡೋಕೆ ನಾನು ಆಚೆ ಇರ್ಬೇಕಾ?"

ಹೌದು ಎಂದೆ. ಅವರು ಮೆಟ್ಟಿಲಿಳಿಯುವಾಗ ಬಳೆಯ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿಸಿತು.

ಗೋಡೆ, ಕಟ್ಟಡ, ಬಾಡಿಗೆ ಎಲ್ಲ ಸಲೀಸಾಗಿ ಹೋಯಿತು. ನಾನು ಕನ್ನಡದಲ್ಲಿ ಒಂದು ವಾಕ್ಯ ಓದುವುದು, ಕಟಿಂಗಿನವರು ಕೈಗೆ ತರುವುದು, ತಮ್ಮ ಅದನ್ನು ತಾವೇ ಮತ್ತೆ ಮಾಡಿ ತೋರಿಸುವುದು. ಅಡಮಾನಕ್ಕೆ ಬಂದಾಗ ಕಟಿಂಗಿನವರು ನಿಂತರು.

"ಇದಕ್ಕೆ ನಮ್ಮಲ್ಲಿ ಕೈ ಇಲ್ಲ ಮೇಡಂ."

ಅವರು ಗಾಳಿಯಲ್ಲಿ ಮನೆಯ ಆಕಾರ ಮಾಡಿದರು. ಆಮೇಲೆ ತಮ್ಮದೇ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಏನನ್ನೋ ಬಿಚ್ಚಿ ಮೇಜಿನ ಆಚೆ ಕೊಟ್ಟ ಹಾಗೆ ಮಾಡಿದರು. ಕೊನೆಗೆ ಖಾಲಿ ಅಂಗೈ ತೋರಿಸಿದರು. ಇದೇನೆಂದು ನಾನು ಕೇಳಿದೆ. ಅವರ ಹೆಂಡತಿಯ ಓಲೆಯನ್ನು ಹಿಂದೊಮ್ಮೆ ಗಿರವಿ ಅಂಗಡಿಯಲ್ಲಿ ಇಟ್ಟಿದ್ದರಂತೆ. ಬಡ್ಡಿ ಕಟ್ಟಲು ಹೋಗುವಾಗಲೆಲ್ಲ ತಮ್ಮನೂ ಜೊತೆಗೆ ಹೋಗುತ್ತಿದ್ದರಂತೆ. ಕೊನೆಯ ಸಲ ಹೋದಾಗ ಓಲೆ ಹರಾಜಾಗಿತ್ತು.

ತಮ್ಮನ ಮುಖ ಬದಲಾಯಿತು. ಮನೆ, ಕಿವಿ, ಅಂಗೈ, ಮೂರನ್ನೂ ತಾವೇ ನಿಧಾನವಾಗಿ ಮಾಡಿ ನೋಡಿದರು. ಆಮೇಲೆ ಅಂಗೈಯನ್ನು ಕೆನ್ನೆಯ ಕೆಳಗಿಟ್ಟು ತಲೆ ವಾಲಿಸಿ, ಹುಬ್ಬು ಎತ್ತಿ, ಕೋಣೆಯ ಸುತ್ತ ಕೈ ತಿರುಗಿಸಿದರು.

"ಹಂಗಾದ್ರೆ ಎಲ್ಲಿ ಮಲಗೋದು ಅಂತ ಕೇಳ್ತಿದಾನೆ" ಅಂದರು ಕಟಿಂಗಿನವರು.

ಇಬ್ಬರೂ ನನ್ನನ್ನು ನೋಡಿದರು.

ನನ್ನ ಹತ್ತಿರ ಉತ್ತರಗಳಿದ್ದವು. ಅಕ್ಕನ ಪಿಂಚಣಿ ಇದೆ, ಕಂತು ತಪ್ಪುವ ಸಂಭವ ಕಡಿಮೆ. ಆ ಮನೆಯಲ್ಲಿ ವಾಸಿಸುವ ಹಕ್ಕು ಟ್ರಸ್ಟ್ ಪತ್ರದಲ್ಲೇ ಇದೆ. ಅಥವಾ: ಹೌದು, ಈ ಸಹಿ ಹಾಕಿದ ಮೇಲೆ ಆ ಹಕ್ಕು ಎಷ್ಟು ಉಳಿಯುತ್ತದೋ ಹೇಳಲಾಗದು. ಯಾವುದನ್ನು ಹೇಳಿದರೂ ಆ ಸಹಿ ಆಗುವುದೋ ಬಿಡುವುದೋ ನನ್ನ ಮಾತಿನಿಂದಲೇ ಆಗುತ್ತಿತ್ತು. ಕಾಗದದಲ್ಲಿ ಏನಿದೆ ಎಂದು ಹೇಳಬಹುದು, ಸಹಿ ಮಾಡಬಹುದೋ ಬೇಡವೋ ಎಂದು ಹೇಳಬಾರದು. ನಾನು ನನಗೇ ಎಳೆದುಕೊಂಡ ಗೆರೆ ಅದು. ಅದಕ್ಕಿಂತ ಒಂಟಿಯಾದ ಜಾಗದಲ್ಲಿ ನಾನು ಇದುವರೆಗೆ ನಿಂತಿಲ್ಲ.

"ಇದಕ್ಕೆ ನಾನು ಉತ್ತರ ಹೇಳೋ ಹಾಗಿಲ್ಲ ಅಂತ ಹೇಳಿ" ಅಂದೆ.

ಕಟಿಂಗಿನವರು ನನ್ನ ಮುಖವನ್ನೇ ನೋಡುತ್ತಾ, "ಅದಕ್ಕೂ ಕೈ ಇಲ್ಲ ಮೇಡಂ" ಅಂದರು.

ತಮ್ಮ ಪೆನ್ನಿಗೆ ಕ್ಯಾಪು ಹಾಕಿದರು. ಪ್ರಮಾಣಪತ್ರದ ಹಾಳೆಗಳನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಕುಟ್ಟಿ ಸಮ ಮಾಡಿ, ನನ್ನ ಕಡೆಗೆ ಸರಿಸಿದರು.

ಟೀಚರನ್ನು ಮೇಲೆ ಕರೆದು, ಸಹಿ ಆಗಲಿಲ್ಲ ಅಂದೆ. ನೀವು ಅವನನ್ನು ಹೆದರಿಸಿದಿರಿ ಎಂದರು. ನಾನು ಸೀಲನ್ನೂ ರಿಜಿಸ್ಟರನ್ನೂ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಇನ್ನು ಮುಂದೆ ಈ ಕಾಗದಕ್ಕೆ ನಾನು ನೋಟರಿಯಲ್ಲ, ವಕೀಲಳಾಗಿ ಹೇಳುತ್ತೇನೆ, ಕೇಳಿ ಎಂದೆ. ಟ್ರಸ್ಟಿಗಳಿಗೆ ದಾರಿ ತೋಚದಿದ್ದಾಗ ಸಿವಿಲ್ ಕೋರ್ಟಿನ ಸಲಹೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಇಲ್ಲವೆಂದರೆ ಮೇಲಿನ ಮನೆ ಬಿಟ್ಟು ಗೋಡೆಗೆ ಮಾತ್ರ, ಈ ಮನೆಯನ್ನು ಅಡವಿಡದೆ, ಬೇರೆ ಆಧಾರದ ಮೇಲೆ ಸಣ್ಣ ಸಾಲ ಕೇಳಬಹುದು.

"ಕೋರ್ಟಿಗೆ ಹೋಗಿ ಬರೋವಷ್ಟ್ರಲ್ಲಿ ಗೋಡೆ ಅವನ ಮೇಲೆ ಬಿದ್ದಿರತ್ತೆ" ಅಂದರು ಟೀಚರ್. ಫೈಲಿನ ಜಿಪ್ಪು ಎಳೆದರು. "ಕೆಳಗಿಳಿದು ನಾಲ್ಕು ಹೆಜ್ಜೆ ಹೋದ್ರೆ ಸೀಲ್ ಸಿಗತ್ತೆ. ಗೊತ್ತು ತಾನೆ ನಿಮಗೆ?"

"ಗೊತ್ತು."

ಅವರು ಹೋದರು. ನಾನು ಮಾಡಿದ ಕೆಲಸ ರಿಜಿಸ್ಟರಿನಲ್ಲಿ ಎಲ್ಲೂ ಇಲ್ಲ; ಸಹಿಯಾಗದ ಕಾಗದಕ್ಕೆ ಕ್ರಮಸಂಖ್ಯೆ ಬೀಳುವುದಿಲ್ಲ. ಮುಂದಿನ ನಂಬರು ಯಾರದೋ ಬಾಡಿಗೆ ಕರಾರು.

ಜುಲೈ ಪೂರ್ತಿ ಮಳೆ ಬಂದಾಗಲೆಲ್ಲ ಆ ಗೋಡೆಯ ನೆನಪಾಗುತ್ತಿತ್ತು. ಪ್ರೆಸ್ಸಿನ ಬೀದಿಗೆ ಹೋಗಲಿಲ್ಲ. ಸಂಜೆ ಮನೆಗೆ ಹೋಗಲು ಶಂಕರಪುರದ ದಾರಿ ಹತ್ತಿರ, ಆದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಗೋಡೆ ಬಿದ್ದಿದ್ದರೆ ಅದು ನನ್ನ ಎಚ್ಚರಿಕೆಯಿಂದ ಬಿದ್ದದ್ದು. ಬೇರೆ ನೋಟರಿಯ ಸೀಲು ಬಿದ್ದಿದ್ದರೆ ನಾನು ನಿಂತದ್ದು ಯಾರಿಗೋಸ್ಕರ? ಎರಡನ್ನೂ ಹೇಳಿಕೊಳ್ಳಲು ಎದುರಿನ ಕುರ್ಚಿಗಳಲ್ಲಿ ಯಾರೂ ಇರಲಿಲ್ಲ. ಜುಲೈನಲ್ಲಿ ಕೂತವರು ನಾಲ್ಕು ಜನ.

ಆಗಸ್ಟಿನ ಒಂದು ಶನಿವಾರ, ಕೃಷ್ಣರಾಜ ಮಾರುಕಟ್ಟೆಯಲ್ಲಿ ಹಬ್ಬಕ್ಕೆ ಹೂ ಕೊಂಡು, ಚೀಲ ಭಾರವಾಗಿ, ಹತ್ತಿರದ ದಾರಿಯನ್ನೇ ಹಿಡಿದೆ. ಆ ಮನೆಯ ಪಕ್ಕದ ಓಣಿಯಲ್ಲಿ ಮರಳು, ಇಟ್ಟಿಗೆ. ಹಿಂಭಾಗದ ಗೋಡೆ ಹೊಸದಾಗಿ ಎದ್ದಿತ್ತು. ಮೇಲಿನ ಮನೆ ಇರಲಿಲ್ಲ. ತಮ್ಮ ಮಗ್ಗಿನಿಂದ ಗೋಡೆಗೆ ನೀರು ಎರಚುತ್ತಿದ್ದರು. ನನ್ನನ್ನು ಕಂಡು ಕೈ ಬೀಸಿ ಕರೆದರು.

ನಾನು ಗಾಳಿಯಲ್ಲಿ ಮನೆ ಮಾಡಿ, ಕಿವಿ ಮುಟ್ಟಿ, ಹುಬ್ಬೆತ್ತಿದೆ. ಅವರು ಇಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದರು. ಕೆನ್ನೆಗೆ ಅಂಗೈ ಇಟ್ಟು ಹೊಸ ಗೋಡೆಯನ್ನು ತೋರಿಸಿದರು. ಇಲ್ಲೇ ಮಲಗುತ್ತೇನೆ. ಆಮೇಲೆ ನಗು ಹೋಯಿತು. ಬೆರಳುಗಳಿಂದ ಕನ್ನಡಕ ಮಾಡಿದರು, ಅದು ಅಕ್ಕ. ಕಿವಿ ಮುಟ್ಟಿದರು. ತಮ್ಮ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಬಳಸಿ, ಬೆರಳುಗಳ ಮೇಲಿಂದ ಏನನ್ನೋ ಜಾರಿಸಿ ತೆಗೆದರು.

ಟೀಚರ್ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಎರಡು ಹಸಿರು ಗಾಜಿನ ಬಳೆ.

"ಇದಕ್ಕೆ ನೋಟರಿ ಬೇಕಾಗ್ಲಿಲ್ಲಮ್ಮ" ಅಂದರು. ಸಿಟ್ಟಿನಿಂದಲ್ಲ. ಬನ್ನಿ, ಕಾಫಿ ಕುಡಿದು ಹೋಗಿ ಎಂದು ಒಳಗೆ ಹೋದರು.

ತಮ್ಮ ನನ್ನ ತೋಳು ಮುಟ್ಟಿ ತಡೆದರು. ಖಾಲಿ ಅಂಗೈಯನ್ನು ನನ್ನ ಮುಂದೆ ಚಾಚಿ, ಹುಬ್ಬೆತ್ತಿದರು. ವಾಪಸ್ಸು ಬರುತ್ತವೆಯೇ ಎಂದು ಕೇಳುತ್ತಿದ್ದರು. ಅವತ್ತು ನಾನು ನೋಟರಿಯಾಗಿರಲಿಲ್ಲ, ಹೂವಿನ ಚೀಲ ಹಿಡಿದು ದಾರಿಯಲ್ಲಿ ಹೋಗುತ್ತಿದ್ದವಳು. ಆದರೂ ಉತ್ತರ ಹೇಳಲಾಗಲಿಲ್ಲ.

ಇದನ್ನು ಓದುವವರಲ್ಲಿ ನೋಟರಿಗಳು, ಟ್ರಸ್ಟಿನ ಕಾಗದಪತ್ರ ಮಾಡುವವರು, ಮನೆಯ ಸಂಜ್ಞೆಯಷ್ಟೇ ಬಲ್ಲವರ ಸಹಿ ಪಡೆದವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಎಲ್ಲಿ ಮಲಗುವುದು ಎಂದು ಅವರು ಕೇಳಿದಾಗ ನಾನು ಬಾಯಿ ಬಿಡಬಹುದಿತ್ತೇ? ಐದನೇ ಕಲಮಿನ ಆ ಗೆರೆಯ ಮೇಲೆ ನೀವು ಯಾರ ಹೆಸರು ಬರೆದಿರಿ?